ಬೀಗದಕೈ ಮರೆತವನ ಕೂಗು

ಜೂನ್ ೩, ಮಂಗಳವಾರ

ತೀವ್ರ ವಿಷಾದದಿಂದ ತಿಳಿಯಪಡಿಸುವುದೇನೆಂದರೆ, ನಮ್ಮ ರಾಕ್ ತಂಡದ ಏಕಮಾತ್ರ ಅಧಿಕೃತ ಕಿರುಚುಗಾರನಾದ ನನ್ನ ಧ್ವನಿಯು ಕಳೆದ ಶನಿವಾರ ಸಂಜೆ ವೇದಿಕೆಯ ಮೇಲೆ ಕರ್ತವ್ಯನಿರತವಾಗಿದ್ದಾಗಲೇ ಗಾಯಗೊಂಡು, ಇಂದು ವೈದ್ಯರ ಆದೇಶದ ಮೇರೆಗೆ ದೀರ್ಘ ರಜೆಯ ಮೇಲೆ ತೆರಳಿದೆ. ಅಭಿಮಾನಿಗಳು ಹೂಗುಚ್ಛ ತರಬಾರದು. ಬಿಸಿನೀರು ತರಬಹುದು.

ಡಾಕ್ಟರಮ್ಮ ಮೂಗಿನೊಳಗಿಂದ ಒಂದು ಸಣ್ಣ ಕ್ಯಾಮೆರಾ ಇಳಿಸಿ ನನ್ನ ಗಂಟಲನ್ನು ನನಗೇ ಟೀವಿಯಲ್ಲಿ ತೋರಿಸಿದರು. ಅಲ್ಲಿ ದನಿ ಹೊರಡಿಸುವ ಎರಡು ಬಿಳಿ ಪಟ್ಟಿಗಳಿರಬೇಕಂತೆ. ಒಂದು ಬಿಳಿಯೇ ಇತ್ತು. ಇನ್ನೊಂದು ಯಾರೋ ಕೆಂಪು ಶಾಯಿ ಚೆಲ್ಲಿದ ಹಾಗಿತ್ತು.

"ರಕ್ತನಾಳ ಒಡೆದಿದೆ," ಎಂದರು. "ಏನು ಕೆಲಸ ಮಾಡ್ತೀರಿ?"

"ಚಪ್ಪಲಿ ಅಂಗಡಿ," ಎಂದೆ. ತುಕ್ಕು ಹಿಡಿದ ಗೇಟು ಮಾತಾಡಿದ ಹಾಗೆ ಕೇಳಿಸಿತು.

"ಚಪ್ಪಲಿ ಮಾರೋಕೆ ಇಷ್ಟು ಕೂಗ್ಬೇಕಾ?"

"ಸಂಜೆ ಹೊತ್ತು ರಾಕ್ ಹಾಡ್ತೀನಿ ಡಾಕ್ಟ್ರೇ. ಹಾಡ್ತೀನಿ ಅಂದ್ರೆ, ಕಿರುಚ್ತೀನಿ."

ಅವರು ಕೈಗವಸು ಬಿಚ್ಚಿ ಬುಟ್ಟಿಗೆ ಎಸೆದರು. ಇವತ್ತಿಂದ ಒಂದು ಮಾತೂ ಆಡಬಾರದು, ಕೆಮ್ಮಬಾರದು, ಗಂಟಲು ಕೆರೆದುಕೊಳ್ಳಬಾರದು. ಸುಮ್ಮನಿದ್ದರೆ ಪೂರ್ತಿ ವಾಸಿಯಾಗುತ್ತದೆ. ಇಲ್ಲದಿದ್ದರೆ ಅಲ್ಲೇ ಕಲೆ ಕಟ್ಟಿ ಜೀವಮಾನವಿಡೀ ಈ ಗೇಟಿನ ದನಿಯೇ ಗತಿ. ಹಾಡುವುದನ್ನಂತೂ ಮರೆಯಬಹುದು.

ಆದ್ದರಿಂದ ಈ ಪುಸ್ತಕ. ಬಾಯಿಗೆ ಬೀಗ ಬಿದ್ದವನು ಬರೆಯದೆ ಇನ್ನೇನು ಮಾಡಿಯಾನು? ಮಹಾಮೌನದ ಪ್ರಥಮ ದಿನ ಇಲ್ಲಿಗೆ ಮುಕ್ತಾಯ.

ಜೂನ್ ೪, ಬುಧವಾರ

ಘಟನೆಯ ಪಂಚನಾಮೆ.

ಹಾಡಿನ ಹೆಸರು 'ಲಿಫ್ಟ್ ಕೆಟ್ಟಿದೆ'. ಸಾಹಿತ್ಯ ನನ್ನದು, ಆದಕಾರಣ ಅಮರ. ಒಬ್ಬ ಬಡಪಾಯಿ ಕಬ್ಬಿಣದ ಬೀರು ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಾನೆ. ಮಹಡಿಗೊಂದು ಚರಣ. ಎರಡನೇ ಮಹಡಿಯಲ್ಲಿ ನಾಯಿ, ಮೂರನೆಯದರಲ್ಲಿ ಮಾತು ನಿಲ್ಲಿಸದ ಮುದುಕ, ನಾಲ್ಕನೆಯದರಲ್ಲಿ ಹಳೆಯ ಪ್ರೇಯಸಿಯ ಗಂಡ. ಕೊನೆಗೆ ತನ್ನ ಬಾಗಿಲ ಮುಂದೆ ನಿಂತು ಜೇಬು ತಡಕುತ್ತಾನೆ. ಬೀಗದಕೈ ಕೆಳಗೆ ಸ್ಕೂಟರಿನಲ್ಲೇ ಉಳಿದಿದೆ. ಅಲ್ಲಿ ವಾದ್ಯಗಳೆಲ್ಲ ನಿಲ್ಲುತ್ತವೆ. ನಾನು ಕಿರುಚುತ್ತೇನೆ.

ಶನಿವಾರ ಗಂಟಲು ಮೊದಲೇ ಕೆಟ್ಟಿತ್ತು. ಅಂಗಡಿಯಲ್ಲಿ ರಿಯಾಯಿತಿ ಮಾರಾಟ, ಬೆಳಗಿನಿಂದ ಡಬ್ಬಿ ಇಳಿಸಲು ಅಟ್ಟದ ಮೇಲಿದ್ದ ಹುಡುಗನಿಗೆ "ಏಳನೇ ನಂಬರ್ ಕಂದು! ಎಂಟನೇ ನಂಬರ್ ಕಪ್ಪು!" ಎಂದು ಕೂಗಿ ಕೂಗಿ ಸಾಕಾಗಿತ್ತು. ಆದರೂ ಕಿರುಚಿದೆ. ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು, ಆಮೇಲೆ ಒಳಗೆ ಎಲ್ಲೋ ಹೊಲಿಗೆಯ ನೂಲು ಪಟ್ಟೆಂದು ಹರಿದಂತಾಯಿತು. ಜನ ಎದ್ದು ಕುಣಿದರು. 'ಧನ್ಯವಾದ' ಎನ್ನಲು ಬಾಯಿ ತೆರೆದರೆ ಬರೀ ಗಾಳಿ. ಬಾಯಿ ತೆರೆದು ಮುಚ್ಚಿ, ಕೈಯಾಡಿಸಿ ತೋರಿಸಿದೆ. ಅದೂ ನಾಟಕವೆಂದುಕೊಂಡು ಮತ್ತಷ್ಟು ಚಪ್ಪಾಳೆ ಹೊಡೆದರು.

ನನ್ನ ವೃತ್ತಿಜೀವನದ ಅತ್ಯುತ್ತಮ ಸಂಜೆ.

ಜೂನ್ ೫, ಗುರುವಾರ

ಅಂಗಡಿಯ ಯಜಮಾನರು ನಂಬಲಿಲ್ಲ. ಅವರ ತಪ್ಪಿಲ್ಲ. ಪ್ರದರ್ಶನಕ್ಕಿಟ್ಟ ಷೂ ಒಳಗೆ ಪೀಂ ಎನ್ನುವ ಆಟಿಕೆ ತುರುಕಿಟ್ಟವನು ನಾನು. ಬಾಗಿಲಿಗೆ 'ಎಡಗಾಲಿನ ಚಪ್ಪಲಿ ಮಾತ್ರ ಉಚಿತ' ಎಂದು ಚೀಟಿ ಅಂಟಿಸಿದವನೂ ನಾನೇ.

"ಇವತ್ತು ಯಾವ ಅವತಾರ?" ಎಂದರು. ಡಾಕ್ಟರ ಚೀಟಿ ತೋರಿಸಿದೆ. ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೊಹರನ್ನು ಉಗುರಿನಿಂದ ಕೆರೆದು ನೋಡಿದರು. ಕೊನೆಗೆ ಕೇಳಿದರು: "ಇದನ್ನ ಎಲ್ಲಿ ಅಚ್ಚು ಹಾಕಿಸ್ದೆ?"

ಆಸ್ಪತ್ರೆಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಒಪ್ಪಿದ್ದು. ಒಪ್ಪಿದವರೇ ರಟ್ಟಿನ ಮೇಲೆ 'ಇವರಿಗೆ ಮಾತು ಬರುವುದಿಲ್ಲ, ದಯವಿಟ್ಟು ಸಹಕರಿಸಿ' ಎಂದು ಬರೆದು ನನ್ನ ಕೊರಳಿಗೆ ತೂಗುಹಾಕಿದರು. ಆಗಿನಿಂದ ಗಿರಾಕಿಗಳು ನನ್ನ ಕಿವಿಯ ಬಳಿ ಬಂದು ಕೂಗುತ್ತಾರೆ. "ಇ-ದ-ರ-ಲ್ಲಿ ಆ-ರ-ನೇ ನಂ-ಬ-ರ್ ಇ-ದೆ-ಯಾ?" ಅಟ್ಟಕ್ಕೆ ಕೂಗಲಾರೆನಾದ್ದರಿಂದ ನಾನೇ ಏಣಿ ಹತ್ತಿ ಇಳಿಯುತ್ತೇನೆ. ಹಾಡಿನ ಬಡಪಾಯಿಗೆ ಬೀರು, ನನಗೆ ಷೂ ಡಬ್ಬಿ.

ಜೂನ್ ೬, ಶುಕ್ರವಾರ

ಅಮ್ಮ ಫೋನ್ ಮಾಡಿದಳು. ಅವಳಿರುವ ಊರು ಇಲ್ಲಿಂದ ಒಂದು ರಾತ್ರಿಯ ದಾರಿ. ಮಾತಾಡುವ ಹಾಗಿಲ್ಲವೆಂದು ನಿನ್ನೆಯೇ ಮೆಸೇಜ್ ಕಳಿಸಿದ್ದೆ. ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ ಎಂದು ನಿಯಮಾವಳಿಯನ್ನೂ ಸೇರಿಸಿದ್ದೆ.

"ಏನೋ ಇದು, ಹೊಸ ಆಟ?"

ಎರಡು ಸಲ ತಟ್ಟಿದೆ.

"ಹೋದ ವರ್ಷ ನೆನಪು ಹೋಗಿದೆ ಅಂತ ನನ್ನೇ 'ತಾವು ಯಾರು ಮೇಡಂ' ಅಂತ ಕೇಳಿದ್ದೆ. ನಾನು ಅಳ್ತಾ ಕೂತ್ರೆ ನೀನು ನಗ್ತಾ ಕೂತಿದ್ದೆ. ಈಗ ಧ್ವನಿ ಹೋಯ್ತಾ? ಮುಂದಿನ ವರ್ಷ ಏನು, ತಲೆನೇ ಹೋಗುತ್ತಾ?"

ಮತ್ತೆ ಎರಡು ಸಲ ತಟ್ಟಿದೆ. ಸ್ವಲ್ಪ ಜೋರಾಗಿಯೇ.

"ಟಕಟಕ ಅನ್ನಬೇಡ, ಕಿವಿ ನೋಯುತ್ತೆ. ನಾಟಕ ಮುಗಿದ ಮೇಲೆ ನೀನೇ ಫೋನ್ ಮಾಡು."

ಇಟ್ಟುಬಿಟ್ಟಳು.

ಇತಿಹಾಸಕಾರರ ಗಮನಕ್ಕೆ: ನಗಿಸುವ ಉದ್ಯೋಗದಲ್ಲಿ ಇಂಥ ಸಣ್ಣಪುಟ್ಟ ನಷ್ಟಗಳು ಇದ್ದದ್ದೇ.

ಜೂನ್ ೮, ಭಾನುವಾರ

ಅಭ್ಯಾಸದ ಕೋಣೆಗೆ ಹೋದೆ. ನಮ್ಮ ತಂಡದಲ್ಲಿ ಮೂವರು. ಡ್ರಮ್ ಬಾರಿಸುವವನು ಮರಕುಟಿಗ. ಊಟದ ತಟ್ಟೆಯಿಂದ ಹಿಡಿದು ಮುಂದೆ ಕುಳಿತವನ ಬೆನ್ನಿನವರೆಗೆ ಯಾವುದನ್ನೂ ಬಾರಿಸದೆ ಬಿಡದವನು. ಗಿಟಾರಿನವನು ತಂತಿ. ಹಾಗೆಯೇ ತೆಳ್ಳಗೆ, ಹಾಗೆಯೇ ಬಿಗಿ. ಮೂರನೆಯವನು ನಾನು.

ಅವರೂ ನಂಬಲಿಲ್ಲ. ಮರಕುಟಿಗ ಕಚಗುಳಿ ಇಟ್ಟ. ಹಿಂದಿನಿಂದ ಬಂದು ಕಿವಿಯಲ್ಲಿ ತಾಳ ಬಡಿದ. ಆಮೇಲೆ, ವೈಜ್ಞಾನಿಕ ಪರೀಕ್ಷೆ ಅಂತೆ, ಆಂಪ್ಲಿಫೈಯರನ್ನು ಎತ್ತಿ ನನ್ನ ಕಾಲ ಮೇಲೆಯೇ ಇಟ್ಟ. ಕಣ್ಣಲ್ಲಿ ನೀರು ಬಂತು. ಶಬ್ದ ಬರಲಿಲ್ಲ.

"ಅಯ್ಯೋ," ಎಂದ ಮರಕುಟಿಗ, "ನಿಜ ಕಣೋ ಇದು!"

"ಮೊದಲು ಅದನ್ನ ಕಾಲ ಮೇಲಿಂದ ತೆಗಿಯೋ, ದಡ್ಡ," ಎಂದ ತಂತಿ.

ನಂಬಿದ ಮೇಲೆ ಇಬ್ಬರೂ ಚೆನ್ನಾಗಿಯೇ ನೋಡಿಕೊಂಡರು. ನಾನು ಪಿಸುಗುಟ್ಟಿ ಕತೆಯನ್ನೆಲ್ಲ ಹೇಳಿದೆ. ಪಿಸುಮಾತು ಮಾತಲ್ಲವಲ್ಲ. ದಿನವೂ ಅಂಗಡಿಯಲ್ಲೂ ಅಷ್ಟಿಷ್ಟು ಪಿಸುಗುಟ್ಟಿಯೇ ಬದುಕಿದ್ದೇನೆ. ಇಲ್ಲವಾಗಿದ್ದರೆ ಇಷ್ಟು ಹೊತ್ತಿಗೆ ಹೊಟ್ಟೆ ಒಡೆದು ಹೋಗಿರುತ್ತಿದ್ದೆ.

ಜೂನ್ ೧೦, ಮಂಗಳವಾರ

ಮತ್ತೆ ಮೂಗು, ಮತ್ತೆ ಕ್ಯಾಮೆರಾ. ಕೆಂಪು ಹಾಗೇ ಇದೆ.

"ಮಾತಾಡಿದ್ರಾ?"

ಇಲ್ಲವೆಂದು ತಲೆಯಾಡಿಸಿ, ಹೆಮ್ಮೆಯಿಂದ ಪಿಸುಗುಟ್ಟಿದೆ: "ಬರೀ ಪಿಸುಮಾತು ಡಾಕ್ಟ್ರೇ."

ಕ್ಯಾಮೆರಾ ಇನ್ನೂ ಮೂಗಿನಲ್ಲೇ ಇತ್ತು. ಟೀವಿಯಲ್ಲಿ ಎರಡೂ ಪಟ್ಟಿಗಳು ಬಿಗಿದುಕೊಂಡು ಒಂದನ್ನೊಂದು ಹಿಂಡಿದವು.

"ನೋಡಿ," ಎಂದರು. "ಏನು ಮಾಡ್ತಿದೀರಿ ಅಂತ ನೀವೇ ನೋಡ್ಕೊಳ್ಳಿ. ಒಂದು ಮಾತೂ ಇಲ್ಲ ಅಂದಿದ್ದೆ. ಪಿಸುಗುಟ್ಟೋದು ಮಾತಿಗಿಂತ ಕಡೆ. ಒಂದು ವಾರ ದಂಡ ಆಯ್ತು. ಮತ್ತೆ ಮೊದಲಿಂದ ಶುರು. ಈ ಸಲ ತಪ್ಪಿದ್ರೆ ನನ್ನ ಹತ್ರ ಬರ್ಬೇಡಿ."

ಇಷ್ಟು ದಿನ ನಾನೇ ನಾನಾಗಿ ಗಾಯವನ್ನು ಕೆದಕುತ್ತಿದ್ದೆ. ಇದಕ್ಕೊಂದು ತಮಾಷೆ ಹೊಳೆಯಬೇಕಿತ್ತು.

ಜೂನ್ ೧೩, ಶುಕ್ರವಾರ

ಪಕ್ಕದ ಕೋಣೆಯವರು ಬಾಗಿಲು ತಟ್ಟಿದರು. ಇವರನ್ನು ನಾನು ಬಲ್ಲದ್ದು ಗೋಡೆಯ ಮೂಲಕ. ದಿಂಬು ಕಚ್ಚಿಕೊಂಡು ಕಿರುಚುವ ನನ್ನ ಸಾಧನೆಗೆ ಆಚೆಯಿಂದ ಗುದ್ದಿ ಗುದ್ದಿ ತಾಳ ಹಾಕುತ್ತಿದ್ದವರು. ಮುಖ ಕಂಡಿದ್ದು ಇವತ್ತೇ. ಬನಿಯನ್ನು, ಕನ್ನಡಕ.

"ಊರಲ್ಲಿಲ್ವೇನೋ ಅಂದ್ಕೊಂಡೆ. ಶಬ್ದವೇ ಇಲ್ಲ. ಏನಾದ್ರೂ ಆಗಿದೆಯಾ ಅಂತ..."

ಗಂಟಲು ತೋರಿಸಿ ಕೈಯಾಡಿಸಿದೆ. ಅರ್ಥವಾಯಿತು. ಮುಖ ಅರಳಿತು.

"ಓ! ಹೀಗೇ ಇರಿ," ಎಂದು ಹೊರಟುಹೋದರು.

ಒಳಗೆ ಕರೆಯಬೇಕೆಂದಿದ್ದೆ. ಒಳಗೆ ಬನ್ನಿ ಎಂದು ಕೈಸನ್ನೆ ಮಾಡುವುದು ಹೇಗೆಂದು ಯೋಚಿಸುವಷ್ಟರಲ್ಲಿ ಅವರ ಬಾಗಿಲು ಮುಚ್ಚಿತ್ತು.

ಜೂನ್ ೧೫, ಭಾನುವಾರ

ಇಡೀ ದಿನ ಯಾರೂ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ನಾನು ಸಂಗ್ರಹಿಸಿದ ರಾಕ್ ಗಾಯಕರ ಕಿರುಚಾಟಗಳನ್ನೆಲ್ಲ ಒಂದೊಂದಾಗಿ ಕೇಳಿದೆ. ಬೇರೆಯವರು ಅಂಚೆಚೀಟಿ ಕೂಡಿಡುತ್ತಾರೆ, ನಾನು ಇವನ್ನು ಕೂಡಿಟ್ಟಿದ್ದೇನೆ. ಎಂದಾದರೂ ಒಂದು ವಸ್ತುಸಂಗ್ರಹಾಲಯ ಸ್ಥಾಪಿಸಿ, ನಾನೇ ಅದರ ಅಧ್ಯಕ್ಷನಾಗಿ, ನಾನೇ ರಿಬ್ಬನ್ ಕತ್ತರಿಸುವ ಯೋಜನೆಯಿದೆ.

ಬಾಗಿಲ ಸಂದಿಗೆ ಬೆರಳು ಸಿಕ್ಕವನ ಹಾಗೆ ಕಿರುಚುವವರಿದ್ದಾರೆ. ಪಂದ್ಯ ಗೆದ್ದವರ ಹಾಗೆ ಕಿರುಚುವವರಿದ್ದಾರೆ. ಒಬ್ಬಳಿದ್ದಾಳೆ, ಹಾಡಿನುದ್ದಕ್ಕೂ ಮಗುವನ್ನು ಮಲಗಿಸುವವಳ ಹಾಗೆ ಮೆಲ್ಲಗೆ ಹಾಡಿ, ಕೊನೆಯಲ್ಲಿ ಒಂದೇ ಒಂದು ಸಲ ಬಾಯಿ ಬಿಡುತ್ತಾಳೆ. ಬಟ್ಟೆ ಹರಿದ ಹಾಗೆ. ಇನ್ನೊಬ್ಬ ಮುದುಕ, ಹೊರಟ ಬಸ್ಸಿನ ಹಿಂದೆ ಓಡುತ್ತ ಯಾರನ್ನೋ ಕರೆದಂತೆ ಕಿರುಚುತ್ತಾನೆ. ಬಸ್ಸು ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತು. ಅವರ ಹಾಡಿನ ಒಂದು ಸಾಲೂ ನನಗೆ ನೆನಪಿಲ್ಲ. ಕೂಗು ಮಾತ್ರ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎನ್ನುವುದು ಬಾಯಿಪಾಠ.

ಇಷ್ಟು ವರ್ಷ ಕೇಳುವಾಗ ತಲೆಯಲ್ಲಿದ್ದುದು ಒಂದೇ: ಇವನು ಇದನ್ನು ಹೇಗೆ ಮಾಡಿದ? ಇವತ್ತು ಬೇರೆ ಏನೋ ಕೇಳಿಕೊಂಡೆ. ಆಮೇಲೆ ಇವನು ಮನೆಗೆ ಹೋಗಿ ಏನು ಮಾಡಿದ? ಯಾರಾದರೂ ಬಾಗಿಲು ತೆಗೆದರೇ?

ತಲೆ ಕೆಟ್ಟಿದೆ. ಬಟ್ಟೆ ಒಗೆಯುವುದಿದೆ.

ಜೂನ್ ೧೭, ಮಂಗಳವಾರ

ಮರಕುಟಿಗ ಅಂಗಡಿಗೇ ಬಂದ. ಷೂ ನೋಡುವ ನೆಪದಲ್ಲಿ ಬೆಂಚಿನ ಮೇಲೆ ಕುಳಿತು ಮೊಣಕಾಲು ಬಾರಿಸತೊಡಗಿದ. ನಾನು ಪಾದ ಅಳೆಯುವ ಪಟ್ಟಿ ಹಿಡಿದು ಅವನ ಮುಂದೆ ಕುಳಿತೆ, ಯಜಮಾನರು ನೋಡುತ್ತಿದ್ದರಲ್ಲ.

"ಶನಿವಾರ ಕಾರ್ಯಕ್ರಮ ಇದೆ. ಬಿಡೋಕಾಗಲ್ಲ ಕಣೋ. ಸಾಲುಗಳನ್ನ ತಂತಿ ಹಾಡ್ತಾನೆ. ಆದ್ರೆ ಆ ಕೂಗು ಅವನ ಕೈಲಿ ಆಗಲ್ಲ, ಆಗಲೇ ಪ್ರಯತ್ನ ಪಟ್ಟ. ಬೆಕ್ಕಿನ ಬಾಲ ತುಳಿದ ಹಾಗಿತ್ತು." ಸುತ್ತ ನೋಡಿ ದನಿ ತಗ್ಗಿಸಿದ. "ಆವತ್ತಿನ ಕಾರ್ಯಕ್ರಮದ್ದು ರೆಕಾರ್ಡ್ ಆಗಿದೆ. ನಿನ್ನ ಕೂಗು ಅಷ್ಟೇ ಕತ್ತರಿಸಿ ನನ್ನ ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡ್‌ಗೆ ಹಾಕಿದೀನಿ. ಕೋಲಲ್ಲಿ ಒಂದು ಹೊಡೆದ್ರೆ ಸಾಕು, ಕಿರುಚ್ತೀಯ. ಪರವಾಗಿಲ್ವಾ?"

ನಾನು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ರಾಷ್ಟ್ರಾಧ್ಯಕ್ಷರಂತೆ ತಲೆದೂಗಿದೆ. ಷೂ ಡಬ್ಬಿಯ ಮುಚ್ಚಳ ಹರಿದು ಅದರ ಮೇಲೆ ಅನುಮತಿಪತ್ರ ಬರೆದುಕೊಟ್ಟೆ: 'ಈ ಮೂಲಕ ನನ್ನ ಗಂಟಲನ್ನು ಮರಕುಟಿಗನಿಗೆ ಬಾಡಿಗೆಯಿಲ್ಲದೆ ಒಪ್ಪಿಸಿದ್ದೇನೆ. ಹೊಡೆಯುವಾಗ ಪ್ರೀತಿಯಿರಲಿ.' ಅವನು ನಕ್ಕು ನಕ್ಕು ಬೆಂಚಿನಿಂದ ಬಿದ್ದ.

ಅವನು ಹೋದ ಮೇಲೆ ಯಜಮಾನರು, "ತಗೊಂಡ್ನಾ?" ಎಂದು ಕೇಳಿದರು. ಎರಡು ಬೆರಳಿನಿಂದ ಡಬ್ಬಿಯನ್ನು ಎರಡು ಸಲ ತಟ್ಟಿದೆ. ಅವರಿಗೆ ಅರ್ಥವಾಗಲಿಲ್ಲ.

ಜೂನ್ ೨೧, ಶನಿವಾರ

ಹೋಗಬಾರದಿತ್ತು. ಹೋದೆ.

ಟಿಕೆಟ್ ತೆಗೆದುಕೊಂಡೇ ಒಳಗೆ ಹೋದೆ. ಕಲಾವಿದರ ಬಾಗಿಲಲ್ಲಿ ಹೋದರೆ ಹತ್ತು ಜನಕ್ಕೆ ಹತ್ತು ಸಲ ಕೈಸನ್ನೆಯಲ್ಲಿ ವಿವರಿಸಬೇಕು. ಮಧ್ಯದಲ್ಲಿ ಎಲ್ಲೋ ನಿಂತೆ. ನಮ್ಮ ತಂಡವನ್ನು ನಾನು ಈ ಕಡೆಯಿಂದ ಯಾವತ್ತೂ ನೋಡಿರಲಿಲ್ಲ. ಚೆನ್ನಾಗಿಯೇ ಇದ್ದಾರೆ. ನಾನಿಲ್ಲದ ಜಾಗ ಎಲ್ಲಿದೆಯೆಂದು ಹುಡುಕಿದೆ. ತಂತಿ ಒಂದು ಹೆಜ್ಜೆ ನಡುವಿಗೆ ಸರಿದು ನಿಂತಿದ್ದ. ಅಷ್ಟಕ್ಕೇ ಅದು ತುಂಬಿಹೋಗಿತ್ತು.

ಕೊನೆಗೆ 'ಲಿಫ್ಟ್ ಕೆಟ್ಟಿದೆ'. ನಾಯಿ, ಮುದುಕ, ಪ್ರೇಯಸಿಯ ಗಂಡ, ಎಲ್ಲರೂ ಬಂದುಹೋದರು. ಬಡಪಾಯಿ ಜೇಬು ತಡಕಿದ. ವಾದ್ಯ ನಿಂತಿತು. ಮರಕುಟಿಗ ಕೋಲೆತ್ತಿ ಹೊಡೆದ.

ನಾನು ಕಿರುಚಿದೆ. ಎರಡೂ ಬದಿಯ ಸ್ಪೀಕರುಗಳಿಂದ, ಮನೆಯಷ್ಟೆತ್ತರಕ್ಕೆ. ಇಲ್ಲಿ ಜನರ ನಡುವೆ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಕುಣಿಯುತ್ತಲೇ ನನ್ನ ಕಿವಿಗೆ ಕೂಗಿದಳು: "ಅಬ್ಬಾ! ಯಾರದ್ದು ಗೊತ್ತಾ ಆ ದನಿ?"

ನಾನು ನನ್ನ ಎದೆಗೆ ಬೆರಳಿಟ್ಟು ತೋರಿಸಿದೆ.

"ಹೌದೌದು!" ಎಂದು ನಕ್ಕಳು. "ಡ್ರಮ್ ಹೊಡೀತಿರೋದು ನಮ್ಮಜ್ಜಿ!"

ಒಳ್ಳೆಯ ಮಾತು. ಬೇರೆ ದಿನವಾಗಿದ್ದರೆ ಅವಳ ಜೊತೆ ಗೆಳೆತನ ಮಾಡಿಕೊಳ್ಳುತ್ತಿದ್ದೆ.

ಜನ "ಇನ್ನೊಂದ್ಸಲ, ಇನ್ನೊಂದ್ಸಲ" ಎಂದರು. ಮರಕುಟಿಗ ಮತ್ತೆ ಹೊಡೆದ. ಮತ್ತೆ. ಆಗ ಕೇಳಿಸಿತು. ಕೂಗು ಏರಿ ಏರಿ ತುದಿ ಮುಟ್ಟುತ್ತದೆ, ತುದಿಯಲ್ಲಿ ಎರಡಾಗಿ ಸೀಳುತ್ತದೆ. ಜನ ಕೈಯೆತ್ತುವುದು ಅಲ್ಲಿಯೇ. ಅದೇ ಆ ನೂಲು. ಅದು ಹರಿದ ಶಬ್ದವೇ ಅದು. ಪ್ರತಿ ಸಲವೂ ಅಲ್ಲೇ ಹರಿಯುತ್ತಿತ್ತು. ನನಗೆ ನೋವಾಗಿದ್ದು ಒಂದೇ ಸಲ. ಮರಕುಟಿಗ ಹೊಡೆಯುತ್ತಲೇ ಇದ್ದ.

ಗಂಟಲ ಮೇಲೆ ಕೈಯಿಟ್ಟುಕೊಂಡು ಹೊರಗೆ ಬಂದೆ.

ಜೂನ್ ೨೪, ಮಂಗಳವಾರ

ಶನಿವಾರದ ಆ ಕೂಗಿನ ವಿಡಿಯೋ ತುಣುಕು ಊರೆಲ್ಲ ಓಡಾಡುತ್ತಿದೆಯಂತೆ. ತಂತಿ ಸಂಭ್ರಮದಿಂದ ಹತ್ತು ಮೆಸೇಜ್ ಕಳಿಸಿದ್ದಾನೆ. ದೊಡ್ಡ ಸಭಾಂಗಣದವರು ವಿಚಾರಿಸಿದ್ದಾರೆ.

ಅಂಗಡಿಯಲ್ಲಿ ಒಬ್ಬರು ಕಚೇರಿಗೆ ಹಾಕುವ ಕಪ್ಪು ಷೂ ನೋಡುತ್ತಿದ್ದರು. ಒಂದು ಕಾಲಿಗೆ ತೊಡಿಸಿ, ಇನ್ನೊಂದಕ್ಕೆ ಹಿಮ್ಮಡಿಯ ಹಿಂದೆ ಷೂ ತೊಡಿಸುವ ಚಮಚ ಇಟ್ಟು ಜಾರಿಸುತ್ತಿದ್ದೆ. ಅಷ್ಟರಲ್ಲಿ ಅವರ ಜೇಬಿನಿಂದ ನಾನು ಕಿರುಚಿದೆ.

ಯಜಮಾನರ ಕೈಯಿಂದ ಡಬ್ಬಿಗಳು ಉರುಳಿದವು. ಗಿರಾಕಿ ಒಂಟಿ ಷೂನಲ್ಲಿ ಕುಂಟುತ್ತ ಫೋನ್ ತೆಗೆದು, "ಹಾಂ, ಹೇಳು, ಬರ್ತಾ ಮೊಸರು ತರ್ತೀನಿ," ಎಂದು ಮಾತು ಮುಗಿಸಿದರು. ನಂತರ ಯಜಮಾನರಿಗೆ: "ಮಗ ಹಾಕಿಕೊಟ್ಟಿದ್ದು ಸ್ವಾಮಿ. ಹಾಡು ಯಾವುದೋ ಗೊತ್ತಿಲ್ಲ. ಕೂಗು ಮಾತ್ರ ಭರ್ಜರಿ. ಆಫೀಸಲ್ಲಿ ಎಲ್ರೂ ಬೆಚ್ಚಿ ಬೀಳ್ತಾರೆ."

"ಇದು ಸಂಗೀತವಾ?" ಎಂದರು ಯಜಮಾನರು, ಎದೆ ನೀವಿಕೊಳ್ಳುತ್ತ. "ಯಾರಿಗೋ ಕತ್ತು ಹಿಸುಕ್ದಂಗಿದೆ."

ನನ್ನ ಕೂಗು ಅವರ ಜೇಬಿನಲ್ಲಿತ್ತು, ನಾನು ಅವರ ಕಾಲ ಬಳಿ. ಎರಡನೇ ಷೂ ತೊಡಿಸಿ ಲೇಸು ಕಟ್ಟಿದೆ. ಕನ್ನಡಿಯ ಮುಂದೆ ನಾಲ್ಕು ಹೆಜ್ಜೆ ನಡೆದು ನೋಡಿದರು. ಸರಿಹೋಯಿತು. ತೆಗೆದುಕೊಂಡರು.

ಜೂನ್ ೨೫, ಬುಧವಾರ

ಏನೂ ಇಲ್ಲ.

ಜೂನ್ ೨೭, ಶುಕ್ರವಾರ

ಸಂಜೆ ಅಮ್ಮನ ಫೋನು. ಎತ್ತಿದೆ.

"ಪಕ್ಕದ ಮನೆ ಹುಡುಗಿ ನಿನ್ನ ಹಾಡು ತೋರಿಸಿದ್ಲು ಕಣೋ. ಅಜ್ಜಿ ಮೊಮ್ಮಕ್ಕಳು ಎಲ್ರೂ ಕೂತು ನಗ್ತಾ ಕೇಳ್ತಿದ್ರು. ಕೊನೇಲಿ ಅದೇನೋ ಹರಿದ ಹಾಗಾಗುತ್ತಲ್ಲ..." ನಿಲ್ಲಿಸಿದಳು. "ಚಿಕ್ಕೋನಿದ್ದಾಗ ನೀನು ದಿನಕ್ಕೆಷ್ಟು ಸಲ ಸುಳ್ಳುಸುಳ್ಳೇ ಅಳ್ತಿದ್ದೆ ಗೊತ್ತಾ? ನಾನು ಒಲೆ ಮುಂದಿಂದ ಏಳ್ತಾನೂ ಇರ್ಲಿಲ್ಲ. ನಿಜವಾಗ್ಲೂ ಬಿದ್ದಾಗ ಮಾತ್ರ ನಿನ್ನ ದನಿ ಕೊನೇಲಿ ಹೀಗೇ ಎರಡಾಗ್ತಿತ್ತು. ಆಗ ಕೈಲಿದ್ದದ್ದು ಬಿಸಾಕಿ ಓಡಿ ಬರ್ತಿದ್ದೆ. ಇವತ್ತೂ ಎದ್ದು ನಿಂತುಬಿಟ್ಟೆ. ಅಲ್ಲಿ ಯಾರಿಗೂ ಅರ್ಥ ಆಗ್ಲಿಲ್ಲ."

ನಾನು ಫೋನು ಹಿಡಿದು ನಿಂತಿದ್ದೆ.

"ಒಂದು ಸಲ ತಟ್ಟಿದ್ರೆ ಹೌದು, ಅಲ್ವಾ?"

ತಟ್ಟಿದೆ.

"ಆವತ್ತು ಗಂಟಲಿಗೆ ಪೆಟ್ಟಾಯ್ತಾ?"

ಒಂದು.

"ಈಗಲೂ ನೋವಿದೆಯಾ?"

ಎರಡು.

"ಸುಳ್ಳು ಹೇಳ್ತಿದೀಯಾ?"

ಒಂದು.

"ಡಾಕ್ಟ್ರ ಹತ್ರ ತೋರಿಸಿದೀಯಾ? ಸರಿ. ಊಟ ಮಾಡಿದ್ಯಾ? ಸರಿ. ಅಲ್ಲಿ ಯಾರಾದ್ರೂ ಇದಾರಾ ಜೊತೇಲಿ?"

ಎರಡು.

"ನಾನು ಬರ್ಲಾ?"

ಎರಡು. ಅವಳಿಗೆ ಮೊಣಕಾಲು ನೋವು, ರಾತ್ರಿಯೆಲ್ಲ ಕುಳಿತು ಬರಬೇಕು.

"ಹೂಂ," ಎಂದಳು. "ಹಾಗಾದ್ರೆ ಫೋನು ಇಡ್ಬೇಡ, ಅಲ್ಲೇ ಪಕ್ಕದಲ್ಲಿಟ್ಕೊ. ನಂಗೆ ಪಾತ್ರೆ ತೊಳೆಯೋದಿದೆ."

ನೀರು ಬೀಳುವ ಸದ್ದು, ಲೋಟಗಳ ಸದ್ದು, ನಡುವೆ ಅವಳು ಯಾರಿಗೋ "ಬಾಗಿಲು ಹಾಕ್ಕೊಂಡು ಹೋಗು" ಎಂದದ್ದು. ನಾನು ಹಾಸಿಗೆಯ ಮೇಲೆ ಮಲಗಿ ಕೇಳಿದೆ. ಯಾವಾಗ ಕರೆ ಮುಗಿಯಿತೋ ಗೊತ್ತಾಗಲಿಲ್ಲ.

ಜುಲೈ ೧, ಮಂಗಳವಾರ

ಎರಡೂ ಪಟ್ಟಿ ಬಿಳಿ.

ಡಾಕ್ಟರಮ್ಮ ಮೊದಲ ಸಲ ನಕ್ಕರು. "ಕಲೆ ಉಳಿದಿಲ್ಲ. 'ಆ' ಅನ್ನಿ." ಅಂದೆ. ಯಾರದೋ ದನಿ ಬಂತು. ಸಣ್ಣದು, ಹೊಸ ಷೂನ ಹಾಗೆ ಇನ್ನೂ ಪಳಗದ್ದು.

ಇನ್ನು ದಿನಕ್ಕೆ ಸ್ವಲ್ಪ ಮಾತಾಡಬಹುದಂತೆ. ಎಷ್ಟು ಎಂದು ಬರೆದು ಕೇಳಿದೆ. "ಒಂದು ಲೋಟ ಕಾಫಿ ಬಿಸಿ ಇರುವಷ್ಟು ಹೊತ್ತು. ವಾರ ವಾರ ಹೆಚ್ಚು ಮಾಡೋಣ." ಕಿರುಚುವುದು? ಅದಕ್ಕೂ ಸರಿಯಾದ ದಾರಿ ಇದೆಯಂತೆ. ಕಲಿಸುವ ಮೇಡಂ ಒಬ್ಬರಿದ್ದಾರೆ, ತಿಂಗಳುಗಟ್ಟಲೆ ಕಲಿಯಬೇಕು. ದಿಂಬು ಕಚ್ಚಿಕೊಂಡು ಕಲಿಯುವುದಲ್ಲ.

ಫೋನಿನಲ್ಲಿದ್ದ ತುಣುಕನ್ನು ಅವರಿಗೆ ಕೇಳಿಸಿದೆ. ಹೀಗೆ ಮತ್ತೆ ಬರುತ್ತದೆಯೇ ಎಂದು ಚೀಟಿಯಲ್ಲಿ ಬರೆದೆ.

ಪೂರ್ತಿ ಕೇಳಿದರು. ಕೊನೆಯಲ್ಲಿ ಅವರ ಹುಬ್ಬು ಗಂಟಿಕ್ಕಿತು. "ಚೆನ್ನಾಗಿ ಕಿರುಚ್ತೀರಿ. ಆದ್ರೆ ಆ ಕೊನೇದು ಇದೆಯಲ್ಲ, ಅದು ಬರಲ್ಲ. ಬರಬಾರದು."

ಜುಲೈ ೫, ಶನಿವಾರ

ಅಭ್ಯಾಸದ ಕೋಣೆ. ನಾನು ಒಳಗೆ ಬರುತ್ತಿದ್ದಂತೆ ಮರಕುಟಿಗ ಸ್ವಾಗತದ ಸಲುವಾಗಿ ಪ್ಯಾಡ್ ಮೇಲೆ ಒಂದು ಹೊಡೆದ. ನಾನು ಕಿರುಚಿದೆ, ಸೀಳಿದೆ, ನಿಂತೆ.

"ಅದನ್ನ ತೆಗಿ," ಎಂದೆ.

ಇಬ್ಬರೂ ತಿರುಗಿ ನೋಡಿದರು. ದನಿ ಬಂದದ್ದಕ್ಕೋ, ಹೇಳಿದ ಮಾತಿಗೋ.

"ಲೋ, ಬಂತಾ ಮಾತು! ಏನೋ ಇದು, ಒಳ್ಳೆ ಸಾಧುಗಳ ಹಾಗೆ ಮಾತಾಡ್ತೀಯ," ಎಂದ ಮರಕುಟಿಗ.

"ಆ ಕೂಗು ತೆಗಿ. ಹಾಡಿಂದ."

"ಯಾಕೆ?" ತಂತಿ ಗಿಟಾರು ಕೆಳಗಿಟ್ಟ. "ಸಭಾಂಗಣದವರು ಕರೀತಿರೋದೇ ಅದಕ್ಕೆ. ಜನ ಬರೋದೇ ಅದಕ್ಕೆ. ನೀನೇ ಅನುಮತಿ ಬರೆದುಕೊಟ್ಟಿದ್ದೆ."

"ಕೊಟ್ಟಿದ್ದೆ. ನೋವಾಗುತ್ತೆ ಕಣೋ."

ಇಬ್ಬರೂ ಕಾದರು. ಮುಂದೆ ತಮಾಷೆ ಬರುತ್ತದೆಂದು ಕಾಯುತ್ತಿದ್ದರು ಅನಿಸುತ್ತದೆ. ಮರಕುಟಿಗನ ಮುಖದಲ್ಲಿ ನಗು ಅರ್ಧ ಬಂದು ನಿಂತಿತ್ತು.

"ಅದು ಗಂಟಲು ಒಡೆದ ಶಬ್ದ," ಎಂದೆ. "ಕೊನೇಲಿ ಬರುತ್ತಲ್ಲ, ಅದೇ."

ಮರಕುಟಿಗ ಕೈಯಲ್ಲಿದ್ದ ಕೋಲನ್ನು ನೋಡಿಕೊಂಡ. ಮೊದಲ ಸಲ ಅವನು ಏನನ್ನೂ ಬಾರಿಸದೆ ಕುಳಿತದ್ದನ್ನು ನೋಡಿದೆ. "ಆವತ್ತು ಎಷ್ಟು ಸಲ ಹೊಡೆದೆ ನಾನು," ಎಂದ, ಯಾರಿಗೂ ಅಲ್ಲ. ಆಮೇಲೆ ಪ್ಯಾಡಿನ ಗುಂಡಿ ಒತ್ತಿದ. "ಅಳಿಸ್ತೀನಿ. ಕೊನೇ ಸಲ ಕೇಳ್ತೀಯಾ?"

"ಬೇಡ."

ಅಳಿಸಿದ. ಜನರ ಜೇಬುಗಳಲ್ಲಿ ಅದು ಇದ್ದೇ ಇರುತ್ತದೆ. ಇರಲಿ. ಇವನ ಕೋಲಿನ ಕೆಳಗೆ ಇರುವುದು ಬೇಡ.

"ನಾನು ಅವರಿಗೆ ಏನು ಹೇಳ್ಲಿ ಈಗ?" ಎಂದ ತಂತಿ.

"ನಿಜ ಹೇಳು."

"ಕರೆಯೋದು ನಿಲ್ಲಿಸ್ತಾರೆ."

"ನಿಲ್ಲಿಸ್ಬಹುದು."

ತಂತಿ ಮುಖ ಬಿಗಿದುಕೊಂಡೇ ಗಿಟಾರೆತ್ತಿಕೊಂಡ. ಒಮ್ಮೆ ಪೂರ್ತಿ ನುಡಿಸಿ ನೋಡಿದೆವು. ಅವನೇ ಹಾಡಿದ, ನಾನು ಮೂಲೆಯಲ್ಲಿ ಕುಳಿತಿದ್ದೆ. ಬೀಗದಕೈಯಿಲ್ಲದೆ ಬಡಪಾಯಿ ಬಾಗಿಲ ಮುಂದೆ ಬಂದು ನಿಂತ. ವಾದ್ಯ ನಿಂತಿತು. ಕೂಗಿರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಗೋಡೆಯ ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರೋ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. ಅದೂ ಕೇಳಿಸಿತು.

"ಇಷ್ಟು ಖಾಲಿ ಬಿಟ್ರೆ ಜನ ಕಲ್ಲು ಹೊಡೀತಾರೆ," ಎಂದ ತಂತಿ. ಮತ್ತೆ ಮೊದಲಿಂದ ಶುರುಮಾಡಿದ.

ಕೋಣೆಗೆ ಬಂದು ಕಾಫಿ ಮಾಡಿಕೊಂಡೆ. ದಿನದ ಪಾಲಿನ ಮಾತು ಇನ್ನೂ ಬಹಳ ಉಳಿದಿತ್ತು. ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮ, ನಾನು."

ಗುರುತು ಸಿಗಲಿಲ್ಲವೇನೋ ಎಂದುಕೊಂಡೆ.

"ಇನ್ನೊಂದ್ಸಲ ಹೇಳು."

"ನಾನು ಅಮ್ಮ."

"ಹೂಂ," ಎಂದಳು. ಮೂಗೊರೆಸಿಕೊಂಡ ಸದ್ದಾಯಿತು. "ಸಾಕು, ಸಾಕು. ಇನ್ನು ಸುಮ್ನಿರು, ಇದ್ದದ್ದನ್ನ ಖರ್ಚು ಮಾಡ್ಬೇಡ. ನಾನೇ ಮಾತಾಡ್ತೀನಿ."

ಮಾತಾಡಿದಳು. ಮಹಡಿಯ ಟ್ಯಾಂಕು ಸೋರುವುದು, ಪಕ್ಕದ ಮನೆಯ ಹುಡುಗಿಯ ಪರೀಕ್ಷೆ, ತಾನು ಕನ್ನಡಕ ಎಲ್ಲೋ ಇಟ್ಟು ಎರಡು ದಿನ ಹುಡುಕಿದ್ದು, ಸಿಕ್ಕಿದ್ದು. ಕಾಫಿ ಆರಿ ಮೇಲೆ ಕೆನೆ ಕಟ್ಟಿತು. ನನ್ನ ಪಾಲಿನ ಮಾತು ಹಾಗೇ ಉಳಿಯಿತು. ಕರೆ ಮುಗಿದ ಮೇಲೆ ತಣ್ಣಗಿನ ಕಾಫಿಯನ್ನೇ ಕುಡಿದು ಲೋಟ ತೊಳೆದಿಟ್ಟೆ.